ಮಾತ್ರೆ ಸರಿ ಇದೆ, ಮುಚ್ಚಳ ಸರಿ ಇಲ್ಲ: ಅಮೆರಿಕದಲ್ಲಿ ಔಷಧ ರೀಕಾಲ್ ಆದರೆ ಏನು ಮಾಡಬೇಕು?

ಆನ್‌ಲೈನ್‌ನಲ್ಲಿ ತರಿಸಿದ್ದ ಕಬ್ಬಿಣಾಂಶದ ಮಾತ್ರೆ. ಬಾಟಲಿ ಒಂದು ತಿಂಗಳಿಂದ ಅಡುಗೆಮನೆ ಕಟ್ಟೆಯ ಮೇಲೇ ಇತ್ತು. ಒಂದು ದಿನ ಇಮೇಲ್ ಬಂತು, ನೀವು ಕೊಂಡ ವಸ್ತು ರೀಕಾಲ್ ಆಗಿದೆ, ಅಂದರೆ ದೋಷ ಇದೆ ಅಂತ ಕಂಪನಿ ಅದನ್ನು ವಾಪಸ್ ಕರೆಸಿಕೊಳ್ಳುತ್ತಿದೆ ಅಂತ. ಮಾತ್ರೆಯಲ್ಲಿ ಏನೋ ಕಲಬೆರಕೆ ಇರಬೇಕು ಅಂದುಕೊಂಡೆ. ಓದಿದರೆ ಮಾತ್ರೆಯ ಬಗ್ಗೆ ಒಂದು ದೂರೂ ಇಲ್ಲ. ತಪ್ಪೆಲ್ಲ ಮುಚ್ಚಳದ್ದು. ಬಾಟಲಿ ಎತ್ತಿಕೊಂಡು ತಿರುಗಿಸಿದೆ. ಒತ್ತುವುದೂ ಬೇಡ, ಹಿಂಡುವುದೂ ಬೇಡ. ನೀರಿನ ಬಾಟಲಿಯ ಹಾಗೆ ಸಲೀಸಾಗಿ ಬಿಚ್ಚಿಕೊಂಡಿತು.

ಅಮೆರಿಕದಲ್ಲಿ ಇಂಥ ರೀಕಾಲ್‌ಗಳು ಆಗಾಗ ಬರುತ್ತವೆ. ಹಿಂದೆ ಇರುವುದು 1970ರ ಒಂದು ಕಾಯ್ದೆ. ಮನೆಯಲ್ಲಿರುವ ಅಪಾಯದ ಔಷಧ, ರಾಸಾಯನಿಕಗಳ ಪ್ಯಾಕೆಟ್ಟು ಪುಟ್ಟ ಮಕ್ಕಳ ಕೈಗೆ ಸುಲಭವಾಗಿ ಬಗ್ಗಬಾರದು ಅನ್ನುತ್ತದೆ ಅದು. ಚೀಟಿ ಇಲ್ಲದೆ ಸಿಗುವ ಔಷಧಗಳಲ್ಲೂ ಬಹಳಷ್ಟು ಈ ಕಾಯ್ದೆಯೊಳಗೆ ಬರುತ್ತವೆ. ಮಕ್ಕಳು ಅಥವಾ ಮೊಮ್ಮಕ್ಕಳ ಜೊತೆ ಅಲ್ಲಿರುವವರು ಇಂಥ ನೋಟಿಸ್ ಕಂಡರೆ ಹೀಗೆ ಮಾಡಿ.

1. ಮೊದಲು ಬಾಟಲಿ ಎತ್ತಿಡಿ

ನೋಟಿಸ್ ಪೂರ್ತಿ ಓದುವುದು ಆಮೇಲೆ. ಮಗುವಿಗೆ ಕಾಣದ, ಕುರ್ಚಿ ಹತ್ತಿದರೂ ಎಟುಕದ ಜಾಗಕ್ಕೆ ಬಾಟಲಿ ಹೋಗಲಿ. ಬೀಗ ಇರುವ ಕಪಾಟು ಇದ್ದರೆ ಇನ್ನೂ ಒಳ್ಳೆಯದು. ಕೈಚೀಲ, ಹಾಸಿಗೆ ಪಕ್ಕದ ಡ್ರಾಯರ್ ಲೆಕ್ಕಕ್ಕಿಲ್ಲ.

2. ಸರಿಯಾದ ಕಡೆ ಹುಡುಕಿ

ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಔಷಧ ಅಂದರೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯಾದ ಎಫ್‌ಡಿಎ ಅಲ್ವಾ, ಅಲ್ಲಿ ಹುಡುಕಿದರೆ ಆಯ್ತು ಅಂದುಕೊಳ್ಳುತ್ತಾರೆ. ಒಳಗಿನ ಔಷಧ ನೋಡಿಕೊಳ್ಳುವುದು ಎಫ್‌ಡಿಎ, ನಿಜ. ಮುಚ್ಚಳ ನೋಡಿಕೊಳ್ಳುವುದು ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ಅಂದರೆ ಸಿಪಿಎಸ್‌ಸಿ. ಹಾಗಾಗಿ ನೋಟಿಸ್ ಇರುವುದು ಸಿಪಿಎಸ್‌ಸಿ ಡಾಟ್ ಗವ್‌ನ ರೀಕಾಲ್ ಪುಟದಲ್ಲಿ. ಉತ್ಪನ್ನದ ಹೆಸರು ಹಾಕಿದರೆ ಫೋಟೊ ಸಮೇತ ಸಿಗುತ್ತದೆ.

ಹೆಸರು ಒಂದೇ ಆದ ಮಾತ್ರಕ್ಕೆ ನಿಮ್ಮ ಬಾಟಲಿ ರೀಕಾಲ್ ಆಗಿದೆ ಅಂತಲ್ಲ. ಮಾತ್ರೆಗಳ ಸಂಖ್ಯೆ, ಲಾಟ್ ನಂಬರ್ (ನಮ್ಮಲ್ಲಿ ಬ್ಯಾಚ್ ನಂಬರ್ ಅನ್ನುವುದು), ಎಕ್ಸ್‌ಪೈರಿ ದಿನಾಂಕ, ಬಾರ್‌ಕೋಡ್ ಕೆಳಗಿನ ಅಂಕಿಗಳನ್ನು ನೋಟಿಸ್‌ ಜೊತೆ ಹೋಲಿಸಿ ನೋಡಿ. ಲಾಟ್ ನಂಬರ್ ಎಷ್ಟೋ ಸಲ ಬಾಟಲಿಯ ಬುಡದಲ್ಲಿ ಮಸುಕಾಗಿ ಒತ್ತಿರುತ್ತಾರೆ. ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ.

3. ಮುಚ್ಚಳವನ್ನು ನೀವೇ ಪರೀಕ್ಷಿಸಿ

ಒತ್ತದೆ ಸುಮ್ನೆ ತಿರುಗಿಸಿ. ಒತ್ತಿ ತಿರುಗಿಸುವ ಮಾದರಿಯ ಮುಚ್ಚಳವಾದರೆ ಟಕ್ ಟಕ್ ಅನ್ನುತ್ತಾ ತಿರುಗಬೇಕು, ಬಿಚ್ಚಿಕೊಳ್ಳಬಾರದು. ಆ ಸದ್ದು ಬರುವುದು ಒಂದರೊಳಗೊಂದು ಎರಡು ಮುಚ್ಚಳ ಇರುವುದರಿಂದ. ಒತ್ತಿದಾಗ ಮಾತ್ರ ಹೊರಗಿನದು ಒಳಗಿನದನ್ನು ಹಿಡಿದುಕೊಳ್ಳುತ್ತದೆ. ಕೆಲವು ಬಾಟಲಿಗಳಲ್ಲಿ ಮುಚ್ಚಳವನ್ನು ಮಗುಚಿ ಹಾಕಿದರೆ ಸಾದಾ ತಿರುಪು ಮುಚ್ಚಳವಾಗಿಬಿಡುತ್ತದೆ. ಮನೆಯಲ್ಲಿ ಯಾರಾದರೂ ಹಾಗೆ ಹಾಕಿದ್ದಾರಾ ಅಂತಲೂ ನೋಡಿ.

ಈ ಮುಚ್ಚಳಗಳನ್ನು ಪಾಸು ಮಾಡುವ ರೀತಿ ಸ್ವಾರಸ್ಯವಾಗಿದೆ. ಪರೀಕ್ಷೆ ಬರೆಯುವವರು ಮಕ್ಕಳೇ. 42ರಿಂದ 51 ತಿಂಗಳ ಮಕ್ಕಳನ್ನು ಇಬ್ಬಿಬ್ಬರಂತೆ ಕೂರಿಸಿ, ಬಾಟಲಿ ಕೊಟ್ಟು ತೆಗೆಯಲು ಹೇಳುತ್ತಾರೆ. ಐದು ನಿಮಿಷ ಸಮಯ. ಆಗಲಿಲ್ಲ ಅಂದರೆ ದೊಡ್ಡವರೊಬ್ಬರು ಮಾತಾಡದೆ ಒಂದು ಸಲ ತೆಗೆದು ತೋರಿಸುತ್ತಾರೆ. ಬೇಕಾದರೆ ಹಲ್ಲಲ್ಲೂ ಕಚ್ಚಬಹುದು ಅಂತ ಆಮೇಲೆ ಹೇಳುತ್ತಾರೆ. ಮತ್ತೆ ಐದು ನಿಮಿಷ. ತೋರಿಸುವ ಮೊದಲು ನೂರಕ್ಕೆ 85 ಮಕ್ಕಳಿಗೆ, ತೋರಿಸಿದ ಮೇಲೂ 80 ಮಕ್ಕಳಿಗೆ ತೆಗೆಯಲು ಆಗದಿದ್ದರೆ ಮುಚ್ಚಳ ಪಾಸ್. ಅದೇ ಮುಚ್ಚಳವನ್ನು 50ರಿಂದ 70 ವರ್ಷದವರಲ್ಲಿ ನೂರಕ್ಕೆ 90 ಜನ ತೆಗೆದು ಮತ್ತೆ ಸರಿಯಾಗಿ ಹಾಕಬೇಕು. ಕೈಗಂಟು ನೋವಿನವರು ಬೈದುಕೊಂಡು ಮುಚ್ಚಳವನ್ನೇ ಹಾಕದೆ ಬಿಟ್ಟರೆ ಎಲ್ಲ ವ್ಯರ್ಥ ಅಲ್ವಾ?

ಈ ಲೆಕ್ಕವನ್ನು ತಿರುಗಿಸಿ ನೋಡಿ. ನೂರರಲ್ಲಿ 20 ಮಕ್ಕಳು ಹತ್ತು ನಿಮಿಷದಲ್ಲಿ ತೆಗೆದರೂ ಆ ಮುಚ್ಚಳ ಪಾಸೇ. ಒಳ್ಳೆಯ ಮುಚ್ಚಳ ಕೊಡುವುದು ನೀವು ಓಡಿ ಬರುವಷ್ಟು ಸಮಯ, ಅಷ್ಟೇ. ರೀಕಾಲ್ ಆದ ಮುಚ್ಚಳ ಅದನ್ನೂ ಕೊಡುವುದಿಲ್ಲ.

4. ಸುಲಭದ ಮುಚ್ಚಳವೆಲ್ಲ ತಪ್ಪಲ್ಲ

ಕಾನೂನು ಲೆಕ್ಕ ಹಾಕುವುದು ಪ್ಯಾಕೆಟ್ಟಿನಲ್ಲಿ ಒಟ್ಟು ಔಷಧ ಎಷ್ಟಿದೆ ಅಂತ. ಅಸೆಟಮಿನೊಫೆನ್ ಒಂದು ಗ್ರಾಂ ದಾಟಿದರೆ ನಿಯಮ ಅನ್ವಯ. ನಮಗೆ ಪ್ಯಾರಾಸಿಟಮಾಲ್ ಅಂತ ಗೊತ್ತಿರುವುದೇ ಇದು, ಅಲ್ಲಿ ಹೆಸರು ಬೇರೆ. 500 ಮಿಲಿಗ್ರಾಂನ ಮೂರು ಮಾತ್ರೆ ಸಾಕು ದಾಟಲು. ಐಬುಪ್ರೊಫೇನ್‌ಗೂ ಗಡಿ ಒಂದು ಗ್ರಾಂ. ಕಬ್ಬಿಣಾಂಶಕ್ಕೆ 250 ಮಿಲಿಗ್ರಾಂ. ನೋವು ಮರಗಟ್ಟಿಸುವ ಲಿಡೊಕೇನ್‌ಗೆ ಬರೀ 5 ಮಿಲಿಗ್ರಾಂ. 4 ಪರ್ಸೆಂಟ್ ಲಿಡೊಕೇನ್ ಇರುವ 30 ಗ್ರಾಂ ಕ್ರೀಮಿನ ಟ್ಯೂಬಿನಲ್ಲಿ 1,200 ಮಿಲಿಗ್ರಾಂ ಇರುತ್ತದೆ! ಹಚ್ಚುವ ಕ್ರೀಮು ತಾನೇ ಅಂತ ಮಂಚದ ಪಕ್ಕ ಬಿಡುತ್ತೇವೆ. ಮಗು ಅದನ್ನು ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು.

ಒಂದು ವಿನಾಯಿತಿಯೂ ಇದೆ. ಮುಚ್ಚಳ ತಿರುಗಿಸಲು ಕಷ್ಟಪಡುವ ಹಿರಿಯರಿಗಾಗಿ ಕಂಪನಿ ಒಂದೇ ಒಂದು ಅಳತೆಯ ಪ್ಯಾಕನ್ನು ಸುಲಭದ ಮುಚ್ಚಳದಲ್ಲಿ ಮಾರಬಹುದು. ಅದರ ಮೇಲೆ, ಇದು ಚಿಕ್ಕ ಮಕ್ಕಳಿಲ್ಲದ ಮನೆಗೆ ಅಂತ ಅಚ್ಚಾಗಿರಬೇಕು. ಲೇಬಲ್ ತೀರ ಚಿಕ್ಕದಾದರೆ, ಪ್ಯಾಕ್ ಚೈಲ್ಡ್ ರೆಸಿಸ್ಟೆಂಟ್ (ಮಕ್ಕಳ ಕೈಗೆ ಬಗ್ಗದ್ದು) ಅಲ್ಲ ಅಂತಷ್ಟೇ ಇರುತ್ತದೆ. ಅಂಗಡಿಯಲ್ಲಿ ಈ ಸಾಲನ್ನು ಓದುವವರು ಕಮ್ಮಿ.

5. ಎಸೆಯುವ ಮೊದಲು ನೋಟಿಸ್ ಮತ್ತೆ ನೋಡಿ

ಕೆಲವು ಕಂಪನಿಗಳು ದುಡ್ಡು ವಾಪಸ್ ಕೊಡುತ್ತವೆ, ಕೆಲವು ಹೊಸ ಮುಚ್ಚಳ ಕಳಿಸುತ್ತವೆ. ಬಾಟಲಿಯ ಫೋಟೊ ಕೇಳುವುದೂ ಉಂಟು. ನಾನು ಆತುರದಲ್ಲಿ ಎಸೆದಿದ್ದರೆ ಲಾಟ್ ನಂಬರ್ ಕಾಣುವ ಫೋಟೊ ಎಲ್ಲಿಂದ ತರಬೇಕಿತ್ತು? ಎಸೆಯಿರಿ ಅಂತಲೇ ಹೇಳಿದ್ದರೆ ಫಾರ್ಮಸಿಯ ಔಷಧ ವಾಪಸಾತಿ ಪೆಟ್ಟಿಗೆಗೆ ಹಾಕಿ. ಅದು ಹತ್ತಿರದಲ್ಲಿಲ್ಲದಿದ್ದರೆ ಸಾಮಾನ್ಯ ಮಾತ್ರೆಗಳನ್ನು ಬಳಸಿದ ಕಾಫಿಪುಡಿಯ ಚರಟದಲ್ಲೋ ಮಣ್ಣಿನಲ್ಲೋ ಕಲಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಬಹುದು. ಪರಿಚಯದವರಿಗೆ ದಾಟಿಸಬೇಡಿ. ರೀಕಾಲ್ ಆದ ವಸ್ತು ಮಾರುವುದಂತೂ ಅಲ್ಲಿ ಕಾನೂನಿಗೆ ವಿರುದ್ಧ.

6. ಮಗು ನುಂಗಿಬಿಟ್ಟಿದ್ದರೆ

ಮಗು ಕುಸಿದಿದ್ದರೆ, ಫಿಟ್ಸ್ ಬಂದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ಉಳಿದಂತೆ, ವಿಷ ಸೇವಿಸಿದಾಗ ಸಲಹೆ ಕೊಡುವ ಪಾಯ್ಸನ್ ಹೆಲ್ಪ್ ಸಂಖ್ಯೆ 1-800-222-1222. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಇಂಗ್ಲಿಷ್ ತೊಡರಿದರೆ ದುಭಾಷಿಯನ್ನು ಕೇಳಿ. ಮಗುವಿನ ವಯಸ್ಸು, ತೂಕ, ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗ ನುಂಗಿದ್ದು ಅಂತ ವಿಚಾರಿಸುತ್ತಾರೆ. ಬಾಟಲಿ ಕೈಯಲ್ಲೇ ಇರಲಿ. ಉಳಿದ ಮಾತ್ರೆ ಎಣಿಸಿ, ಚೆಲ್ಲಿದ್ದನ್ನೂ ಸೇರಿಸಿ. ಲೆಕ್ಕಕ್ಕೆ ಸಿಗದ್ದೆಲ್ಲ ಹೊಟ್ಟೆ ಸೇರಿದೆ ಅಂತಲೇ ಹೇಳಿ.

ವಾಂತಿ ಮಾಡಿಸಬೇಡಿ. ಆಡಿಕೊಂಡಿದೆಯಲ್ಲ, ಏನೂ ಆಗಿಲ್ಲ ಅಂತ ಕಾಯಲೂಬೇಡಿ. ಕಬ್ಬಿಣಾಂಶ ಜಾಸ್ತಿ ಆದಾಗ ಮೊದಲು ವಾಂತಿ ಆಗಿ, ಆಮೇಲೆ ಕೆಲವು ಗಂಟೆ ಮಗು ಸುಧಾರಿಸಿದಂತೆ ಕಂಡು, ಮತ್ತೆ ಕೆಡಬಹುದು. ಅಸೆಟಮಿನೊಫೆನ್ ಮೊದಲ ದಿನ ಹೆಚ್ಚೇನೂ ತೋರಿಸದೆ ಲಿವರ್ ಹಾಳುಮಾಡಬಹುದು. ಅದಕ್ಕೆ ಪ್ರತಿಮದ್ದು ಇದೆ, ನುಂಗಿದ ಎಂಟು ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನೊಂದು ಡಬ್ಬಿ ಇದೆ. ಊರಿಂದ ಬಂದ ಅಜ್ಜಿ ತಾತನ ಪೆಟ್ಟಿಗೆಯಲ್ಲಿ ಸೋಮವಾರ ಮಂಗಳವಾರ ಅಂತ ಮನೆ ಮಾಡಿರುವ ಪ್ಲಾಸ್ಟಿಕ್ ಡಬ್ಬಿ. ಬಿಪಿ, ಶುಗರ್ ಮಾತ್ರೆಗಳು ಅದರಲ್ಲಿ ಬಣ್ಣಬಣ್ಣವಾಗಿ ಕಾಣುತ್ತಿರುತ್ತವೆ. ಹೆಚ್ಚಿನವನ್ನು ಹೆಬ್ಬೆರಳಲ್ಲಿ ಎತ್ತಿದರೆ ಸಾಕು, ತೆರೆದುಕೊಳ್ಳುತ್ತವೆ. ಅದರ ಬಗ್ಗೆ ಯಾವ ಇಮೇಲೂ ಬರುವುದಿಲ್ಲ. ಕಬ್ಬಿಣಾಂಶದ ಬಾಟಲಿ ಎತ್ತಿಡುವಾಗ ಅದನ್ನೂ ಅದೇ ಕಪಾಟಿಗೆ ಸೇರಿಸಿ.