ಫ್ರಾಂಕನ್‌ಸ್ಟೈನ್‌ನ ದೈತ್ಯ ಮತ್ತೆ ಕೊಳಕ್ಕಿಳಿದಾಗ

ಹಳೆಯ ಭಯಾನಕ ಚಿತ್ರವೊಂದನ್ನು ಹೊಸದಾಗಿ ಮಾಡುತ್ತೇನೆ ಎಂದರೆ ಸಾಕು, ‘ಈಗಿನ ಗ್ರಾಫಿಕ್ಸ್‌ನಲ್ಲಿ ಅದ್ಭುತವಾಗಿ ಬರುತ್ತದೆ’ ಎಂದು ಹುರಿದುಂಬಿಸುವವರು ಹತ್ತು ಜನ ಸಿಗುತ್ತಾರೆ. ನನಗೆ ಆ ಮಾತಿನಲ್ಲಿ ನಂಬಿಕೆಯಿಲ್ಲ. ವಿಜ್ಞಾನಿ ವಿಕ್ಟರ್ ಫ್ರಾಂಕನ್‌ಸ್ಟೈನ್ ಸೃಷ್ಟಿಸಿದ ದೈತ್ಯನ ಕಥೆಯನ್ನು ಕಿರುಚಿತ್ರವಾಗಿಸಲು ಹೊರಟಾಗ ನಾನು ಮೊದಲು ಯೋಚಿಸಿದ್ದು ಪ್ರೇಕ್ಷಕರಿಗೆ ಏನೇನು ಈಗಾಗಲೇ ಗೊತ್ತಿದೆ ಎಂಬುದನ್ನು. ಚಪ್ಪಟೆ ನೆತ್ತಿ, ಕತ್ತಿನ ಬೋಲ್ಟು, ತೂಕದ ಹೆಜ್ಜೆ ಎಲ್ಲವೂ ಮಕ್ಕಳ ಬ್ಯಾಗಿನ ಮೇಲೆ ಬಂದು ಕುಳಿತಿವೆ. ಅವಕ್ಕೆ ಇನ್ನು ಯಾರು ಹೆದರುತ್ತಾರೆ?

ಆ ಮುಖವನ್ನು ಕೈಬಿಡಲು ಕಾನೂನಿನ ಕಾರಣವೂ ಇತ್ತು. ಈ ಕಥೆಯ ಮೂಲವಾದ ಮೇರಿ ಶೆಲ್ಲಿಯ ಕಾದಂಬರಿ 1818ರದು, ಅದನ್ನು ಯಾರು ಬೇಕಾದರೂ ಬಳಸಬಹುದು. 1931ರಲ್ಲಿ ಜೇಮ್ಸ್ ವೇಲ್ ನಿರ್ದೇಶಿಸಿದ ಚಿತ್ರದ ಮುಖ ಮಾತ್ರ ಯೂನಿವರ್ಸಲ್ ಸಂಸ್ಥೆಯ ಸ್ವತ್ತು. 1957ರಲ್ಲಿ ಬ್ರಿಟನ್ನಿನ ಹ್ಯಾಮರ್ ಸಂಸ್ಥೆ ಇದೇ ಕಥೆಯನ್ನು ಬಣ್ಣದಲ್ಲಿ ತೆಗೆದಾಗ ದೈತ್ಯನ ಪಾತ್ರ ಮಾಡಿದ ಕ್ರಿಸ್ಟೋಫರ್ ಲೀ ಅವರಿಗೆ ಬೇರೆಯೇ ಮುಖ ಕಟ್ಟಬೇಕಾಗಿ ಬಂದದ್ದು ಇದರಿಂದಲೇ.

ಹಾಗಾಗಿ ಕಾದಂಬರಿಗೆ ಮರಳಿದೆ. ಅಲ್ಲಿನ ವಿವರಣೆಯನ್ನು ಓದಿದರೆ ಯಾವ ಬೋಲ್ಟೂ ಬೇಕಾಗುವುದಿಲ್ಲ. ಒಳಗಿನ ಸ್ನಾಯು, ರಕ್ತನಾಳಗಳನ್ನು ಮುಚ್ಚಲೂ ಸಾಲದ ಹಳದಿ ಚರ್ಮ, ಹೊಳೆಯುವ ಕಪ್ಪು ಕೂದಲು, ಮುತ್ತಿನಂಥ ಹಲ್ಲು, ನೀರಾಡುವ ಕಣ್ಣು. ವಿಕ್ಟರ್ ಒಂದೊಂದು ಅಂಗವನ್ನೂ ಸುಂದರವಾಗಿರಲೆಂದೇ ಆರಿಸಿದ್ದ. ಒಟ್ಟಿಗೆ ಸೇರಿದಾಗ ಅಸಹ್ಯವಾಯಿತು. ನಮಗೆ ಬೇಕಾದದ್ದು ಇದೇ ಎನಿಸಿತು.

1931ರಲ್ಲಿ ಪ್ರಸಾಧನ ಕಲಾವಿದ ಜ್ಯಾಕ್ ಪಿಯರ್ಸ್, ದೈತ್ಯನಾಗಿ ನಟಿಸಿದ ಬೋರಿಸ್ ಕಾರ್ಲಾಫ್ ಅವರ ಮುಖಕ್ಕೆ ಗಂಟೆಗಟ್ಟಲೆ ಕುಳಿತು ಹಚ್ಚಿದ ಬಣ್ಣದಲ್ಲಿ ಹಸಿರಿನ ಛಾಯೆಯಿತ್ತು. ಕಪ್ಪು ಬಿಳುಪಿನಲ್ಲಿ ಅದು ಹೆಣದ ಬಿಳಿಚಾಗಿ ಮೂಡುತ್ತಿತ್ತು. ಬಣ್ಣದ ಕ್ಯಾಮೆರಾದ ಮುಂದೆ ಅದನ್ನೇ ಹಚ್ಚಿದರೆ ನಗೆಪಾಟಲು. ನಮ್ಮ ಮೇಕಪ್ ಕಲಾವಿದೆ ಅರೆಪಾರದರ್ಶಕ ಸಿಲಿಕೋನ್ ಪದರದ ಒಳಬದಿಗೆ ನೀಲಿ, ಕೆಂಪು ನರಗಳನ್ನು ಬರೆದು, ಅದನ್ನು ನಟನ ಕೆನ್ನೆಗೆ ಕೂರಿಸಿದರು. ಎದುರಿನಿಂದ ಬೆಳಕು ಬಿಟ್ಟಾಗ ಬರೀ ಮುಖವಾಡ. ದೀಪವನ್ನು ಪಕ್ಕಕ್ಕೆ, ಕಿವಿಯ ಹಿಂದಿನವರೆಗೆ ಸರಿಸಿದ್ದೇ ತಡ, ಚರ್ಮದೊಳಗೆ ಬೆಳಕು ಹರಿದು ನರಗಳು ಎದ್ದು ಬಂದವು. ಅಲ್ಲಿಂದ ಮುಂದೆ ಇಡೀ ಚಿತ್ರದ ಬೆಳಕಿನ ವಿನ್ಯಾಸವನ್ನು ಆ ಕೆನ್ನೆಯೇ ನಿರ್ಧರಿಸಿತು.

ಕಾರ್ಲಾಫ್ ಅವರ ಒಂದು ಉಪಾಯವನ್ನು ಮಾತ್ರ ಬೇರೆ ರೂಪದಲ್ಲಿ ಎರವಲು ಪಡೆದೆ. ಆಗತಾನೇ ಹುಟ್ಟಿದವನ ಕಣ್ಣು ಅಷ್ಟು ಚುರುಕಾಗಿರಬಾರದೆಂದು ಅವರು ರೆಪ್ಪೆಗಳಿಗೆ ಮೇಣ ಹಚ್ಚಿಸಿಕೊಂಡಿದ್ದರು. ನಾನು ಮೇಣದ ಬದಲು ನಟನಿಗೆ ಒಂದು ಸೂಚನೆ ಕೊಟ್ಟೆ: ಸದ್ದು ಕೇಳಿದರೆ ಮೊದಲು ತಲೆ ತಿರುಗಲಿ, ಕಣ್ಣು ಆಮೇಲೆ ಬರಲಿ. ಮನುಷ್ಯರು ಮಾಡುವುದು ಇದರ ತದ್ವಿರುದ್ಧ. ನೋಡುವವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನೆಂದು ಹೇಳಲಾಗುವುದಿಲ್ಲ.

ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಕೊಳದ ದೃಶ್ಯಕ್ಕೆ. 1931ರ ಚಿತ್ರದಲ್ಲಿ ಪುಟ್ಟ ಹುಡುಗಿಯೊಬ್ಬಳು ದೈತ್ಯನಿಗೆ ಹೂ ಕೊಡುತ್ತಾಳೆ. ಇಬ್ಬರೂ ನೀರಿಗೆ ಎಸೆಯುತ್ತಾರೆ, ಹೂ ತೇಲುತ್ತದೆ. ಹೂ ಮುಗಿದಾಗ ಅವಳೂ ತೇಲುತ್ತಾಳೆಂದು ನಂಬಿ ಅವಳನ್ನೇ ಎಸೆಯುತ್ತಾನೆ. ಸೆನ್ಸಾರ್ ಆಕ್ಷೇಪದಿಂದ ಆ ಎಸೆತವನ್ನು ಕತ್ತರಿಸಲಾಯಿತು. ಮರಳಿ ಸೇರಿದ್ದು 1980ರ ದಶಕದಲ್ಲಿ. ಕತ್ತರಿಸಿದ ಪ್ರತಿಯಲ್ಲಿ ದೈತ್ಯ ಹುಡುಗಿಯತ್ತ ಕೈ ಚಾಚುವುದು ಕಾಣುತ್ತದೆ, ಮುಂದೆ ತಂದೆ ಅವಳ ಶವವನ್ನು ಹೊತ್ತು ಊರೊಳಗೆ ಬರುವುದು ಕಾಣುತ್ತದೆ. ನಡುವಿನದನ್ನು ಪ್ರೇಕ್ಷಕರೇ ಊಹಿಸಬೇಕು, ಊಹೆ ಎಲ್ಲೆಲ್ಲಿಗೋ ಹೋಗುತ್ತದೆ. ಮುಗ್ಧನೊಬ್ಬನ ತಪ್ಪು ಲೆಕ್ಕ ಕತ್ತರಿಯ ದೆಸೆಯಿಂದ ಘೋರ ಕೃತ್ಯವಾಯಿತು.

ಇಂದು ಈ ದೃಶ್ಯ ಆರಂಭವಾದ ಕೂಡಲೇ ಎಲ್ಲರಿಗೂ ಕೊನೆ ಗೊತ್ತು. ಆ ಅರಿವನ್ನೇ ಬಳಸಿಕೊಂಡೆ. ನನ್ನ ಚಿತ್ರದಲ್ಲೂ ಹುಡುಗಿ ಇದ್ದಾಳೆ, ಹೂ ಇದೆ, ನೀರಿದೆ. ಹೂ ಮುಗಿಯುತ್ತದೆ. ಅವನು ಅವಳತ್ತ ನೋಡುತ್ತಾನೆ. ಇಲ್ಲಿ ಶಾಟ್ ಕತ್ತರಿಸದೆ ಸಾಧ್ಯವಾದಷ್ಟು ಎಳೆದಿದ್ದೇನೆ. ಅಷ್ಟರಲ್ಲಿ ಯಾರೋ ಕರೆದರೆಂದು ಹುಡುಗಿ ಓಡಿಹೋಗುತ್ತಾಳೆ. ಒಂಟಿಯಾದ ದೈತ್ಯ ತಾನೇ ಕೊಳಕ್ಕೆ ಇಳಿದು, ತೇಲುತ್ತೇನೆಂದು ಅಂಗಾತ ಮಲಗುತ್ತಾನೆ, ಮುಳುಗುತ್ತಾನೆ. ಕೆಮ್ಮುತ್ತ ಮೇಲೆದ್ದು ಮತ್ತೆ ಮಲಗುತ್ತಾನೆ. ಹಣ ಹಾಕಿದವರು ‘ಒಂದಾದರೂ ಕೊಲೆ ಬೇಡವೇ?’ ಎಂದು ಕೇಳಿದರು. ಇದೆ, ಆದರೆ ಆಮೇಲೆ. ಆ ಹೊತ್ತಿಗೆ ಪ್ರೇಕ್ಷಕರು ಅವನ ಪಕ್ಷ ವಹಿಸಿರುತ್ತಾರೆ, ಅದೇ ಅವರನ್ನು ಚುಚ್ಚಬೇಕು.

ಸಂಗೀತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ಚಿತ್ರದಲ್ಲಿ ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ, ನಾನೂ ಹಾಕಲಿಲ್ಲ.

ಈಗ ಕೈಯಲ್ಲಿರುವುದು ಎಚ್. ಜಿ. ವೆಲ್ಸ್ 1897ರಲ್ಲಿ ಬರೆದ ಅದೃಶ್ಯ ಮನುಷ್ಯನ ಕಥೆ. ಅದು ಇನ್ನೂ ಕಠಿಣ. 2020ರ ಚಿತ್ರದಲ್ಲಿ ನಿರ್ದೇಶಕ ಲೀ ವಾನೆಲ್ ಕಥೆಯನ್ನು ಅದೃಶ್ಯನಿಂದ ಕಿತ್ತು, ಅವನಿಂದ ತಪ್ಪಿಸಿಕೊಳ್ಳುವ ಹೆಂಗಸಿನ ಕೈಗೆ ಕೊಟ್ಟರು. ಖಾಲಿ ಕುರ್ಚಿ ತೋರಿಸಿದರೂ ಮೈ ಜುಂ ಎನ್ನುವಂತೆ ಮಾಡಿದರು. ಆ ದಾರಿಯಲ್ಲಿ ನಾನು ಹೋದರೆ ನಕಲಾಗುತ್ತದೆ. ಸದ್ಯಕ್ಕೆ, ಅವನಿಗೆ ಕೋಣೆ ಬಾಡಿಗೆಗೆ ಕೊಟ್ಟ ಮನೆಯೊಡತಿಯ ಕಡೆಯಿಂದ ಬರೆದು ನೋಡುತ್ತಿದ್ದೇನೆ.