ಚರ್ಮಗಂಟು ರೋಗ: ಗಂಟು ಕೈಗೆ ತಾಗಿದ ದಿನವೇ ಏನು ಮಾಡಬೇಕು?

2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡ, ದನಗಳಿಗೆ ವೈರಸ್‌ನಿಂದ ಬರುವ ಚರ್ಮಗಂಟು ರೋಗ ಮೂರೇ ವರ್ಷದಲ್ಲಿ ದೇಶದ ಉದ್ದಗಲಕ್ಕೂ ಹರಡಿತು. 2022ರಲ್ಲಿ ನಮ್ಮ ರಾಜ್ಯದಲ್ಲೂ ದನದ ಸಂತೆಗಳು ನಿಂತವು. ಎರಡೇ ಹಸು ಇರುವ ಮನೆಯಲ್ಲಿ ಒಂದು ಮಲಗಿದರೆ ಡೇರಿ ದುಡ್ಡು ಅರ್ಧ ಹೋದಂತೆ. ಅದಕ್ಕೇ ಇಷ್ಟು ಹೇಳಬೇಕು ಅನ್ನಿಸಿತು.

ಮೊದಲು ಕೈಯಾಡಿಸಿ. ಗಂಟು ಕಣ್ಣಿಗೆ ಬೀಳುವ ಮುಂಚೆಯೇ ಜ್ವರ ಬಂದಿರುತ್ತದೆ. ಹಸು ಮೇವು ಬಿಡುತ್ತದೆ, ಕಣ್ಣು ಮೂಗಲ್ಲಿ ನೀರು ಸುರಿಯುತ್ತದೆ, ಹಾಲು ಇಳಿಯುತ್ತದೆ. ದಿನಾ ಹಾಲು ಕರೆಯುವಾಗ ಕತ್ತು, ಬೆನ್ನು, ಕೆಚ್ಚಲ ಮೇಲೆ ಕೂದಲಿಗೆ ಎದುರಾಗಿ ಅಂಗೈ ಸವರಿ. ಗೋಲಿಯಂಥ ಗಟ್ಟಿ ಗಂಟು ತಾಗಿತಾ? ನಾಳೆ ನೋಡೋಣ ಅನ್ನಬೇಡಿ.

ಕೂಡಲೇ ಆ ಹಸುವನ್ನು ಬೇರೆ ಕಡೆ ಕಟ್ಟಿ. ಅದಕ್ಕೆ ಬೇರೆಯದೇ ಬಕೆಟ್, ಬೇರೆಯದೇ ಹಗ್ಗ. ಹಾಲು ಕರೆಯುವಾಗ ಚೆನ್ನಾಗಿರುವ ಹಸುಗಳು ಮೊದಲು, ಇದು ಕೊನೆಗೆ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಪಶು ಆಸ್ಪತ್ರೆ ದೂರ ಇದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ವೈರಸ್ಸನ್ನು ಹೊತ್ತು ತಿರುಗುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣೆ. ಸಗಣಿ ಗಂಜಲ ನಿಲ್ಲದಂತೆ ಗುಡಿಸಿ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ, ಸಾಧ್ಯವಾದರೆ ಸೊಳ್ಳೆಪರದೆ ಕಟ್ಟಿ. ಉದುರಿದ ಹಕ್ಕಳೆಯಲ್ಲೂ ವೈರಸ್ ತಿಂಗಳುಗಟ್ಟಲೆ ಬದುಕಬಲ್ಲದು. ಗುಡಿಸಿ ಸುಟ್ಟುಬಿಡಿ.

ಜ್ವರಕ್ಕೆ, ನೋವಿಗೆ ಡಾಕ್ಟರ್ ಔಷಧಿ ಕೊಡುತ್ತಾರೆ. ವೈರಸ್ಸನ್ನೇ ಕೊಲ್ಲುವ ಇಂಜೆಕ್ಷನ್ ಇಲ್ಲ, ಹಾಗೆಂದು ಯಾರಾದರೂ ಮಾರಿದರೆ ನಂಬಬೇಡಿ. ಉಳಿದಿದ್ದು ನಮ್ಮ ಆರೈಕೆ. ಬಾಯಲ್ಲಿ ಹುಣ್ಣಾದ ಹಸು ಒಣಹುಲ್ಲು ಅಗಿಯಲಾರದು. ಎಳೇ ಹಸಿಹುಲ್ಲು, ತೆಳ್ಳಗಿನ ಗಂಜಿ ಕೊಡಿ. ಒಡೆದ ಗಂಟಿಗೆ ಬೇವಿನೆಣ್ಣೆ ಅರಿಶಿನ ಹಚ್ಚಿ, ಹುಳು ಬೀಳದಂತೆ ದಿನಾ ನೋಡಿ.

ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ. ಹಾಲನ್ನು ಚೆನ್ನಾಗಿ ಕಾಯಿಸಿ ಕುಡಿಯಬಹುದು. ಔಷಧಿ ನಡೆಯುತ್ತಿದ್ದರೆ ಹಾಲು ಕುಡಿಯದೆ ಎಷ್ಟು ದಿನ ಬಿಡಬೇಕು ಅಂತ ಡಾಕ್ಟರನ್ನೇ ಕೇಳಿ.

ಇನ್ನು ಲಸಿಕೆ. ನಮ್ಮಲ್ಲಿ ಮೇಕೆ ಸಿಡುಬಿನ ಲಸಿಕೆಯನ್ನೇ ಹಾಕುತ್ತಾ ಬಂದಿದ್ದಾರೆ, ಎರಡೂ ಒಂದೇ ಕುಲದ ವೈರಸ್. ಜ್ವರ ಬಂದ ಹಸುವಿಗೆ ಹಾಕಿಸಬೇಡಿ. ರೋಗ ತಡೆಯುವ ಶಕ್ತಿ ಬರಲು ಸುಮಾರು ಮೂರು ವಾರ ಬೇಕು, ಆದ್ದರಿಂದ ಮಳೆ ಹಿಡಿಯುವ ಮುಂಚೆಯೇ ಹಾಕಿಸಿ. ಒಂದು ಹಸುವಿಗೆ ಒಂದೇ ಸೂಜಿ. ಅದೇ ಸೂಜಿ ಪಕ್ಕದ ಹಸುವಿಗೆ ಹೋಗುತ್ತಿದ್ದರೆ ಮುಲಾಜಿಲ್ಲದೆ ತಡೆಯಿರಿ.