ಗೋಡೆಯ ಮೇಲಿನ ಫೋಟೊ ತೆಗೆಯದೆ ಬರೆದ ಪ್ರೇಮಕಥೆ

ಗಂಡ ತೀರಿಹೋದ ಹೆಣ್ಣಿಗೆ ಮತ್ತೆ ಪ್ರೀತಿ ಹುಟ್ಟಿದ ಕಥೆ ಬರೆಯಲು ಕೂತರೆ ಒಂದು ಸಲೀಸಾದ ದಾರಿ ಮೊದಲೇ ಕಣ್ಣಿಗೆ ಬೀಳುತ್ತದೆ. ಸತ್ತ ಗಂಡನನ್ನು ಕುಡುಕ ಮಾಡಿಬಿಡುವುದು. ಇಲ್ಲವೇ ಮಾತೆತ್ತಿದರೆ ಕೈಮಾಡುವವನನ್ನಾಗಿ ಮಾಡುವುದು. ಆಗ ಓದುಗರಿಗೂ ಮುಜುಗರವಿಲ್ಲ. 'ಪಾಪ, ಮೊದಲನೆಯದರಲ್ಲಿ ಸುಖ ಕಾಣಲಿಲ್ಲ, ಇನ್ನಾದರೂ ಕಾಣಲಿ' ಎಂದು ಹರಸಿ ಪುಟ ತಿರುಗಿಸುತ್ತಾರೆ. ನನ್ನ ಕಾದಂಬರಿಯ ಶಾರದೆಗೆ ಅಂಥ ಗಂಡ ಬೇಡ ಎಂದು ಬರೆಯುವ ಮುಂಚೆಯೇ ಗಟ್ಟಿ ಮಾಡಿಕೊಂಡೆ. ಲೋಕೇಶ ಒಳ್ಳೆಯವನು. ಹದಿನಾಲ್ಕು ವರ್ಷ ಅವಳ ಜೊತೆ ಚೆನ್ನಾಗಿ ಬಾಳಿದವನು. ಅವನಿದ್ದಿದ್ದರೆ ಅವಳು ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಅಂಥವಳಿಗೆ ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಇನ್ನೊಬ್ಬನ ಮೇಲೆ ಮನಸ್ಸಾಗುತ್ತದೆ. ಎರಡೂ ನಿಜ. ಒಂದನ್ನು ಸಣ್ಣದು ಮಾಡದೆ ಇನ್ನೊಂದನ್ನು ಹೇಳುವುದೇ ನನಗೆ ಬೇಕಾಗಿದ್ದದ್ದು.

ವಿಧವೆಯ ಮರುಮದುವೆ ಕನ್ನಡ ಕಾದಂಬರಿಗೆ ಹೊಸದೇನಲ್ಲ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದದ್ದು 1899ರಲ್ಲಿ. ನಮ್ಮ ಸಾಮಾಜಿಕ ಕಾದಂಬರಿ ಶುರುವಾಗಿದ್ದೇ ಎಳೆಯ ವಿಧವೆಯೊಬ್ಬಳ ಮರುಮದುವೆಯಿಂದ ಎಂದರೆ ನನಗೆ ಹೆಮ್ಮೆ. ಆದರೆ ಆ ಕಾಲದ ಪ್ರಶ್ನೆ, ಆಕೆ ಮದುವೆಯಾಗಬಹುದೇ ಎನ್ನುವುದು. ಉತ್ತರ ಕೊಡಬೇಕಾದದ್ದು ಸಮಾಜ. ನನ್ನ ಶಾರದೆಯನ್ನು ಊರು ತಡೆದರೂ ಅವಳು ನಿಭಾಯಿಸುತ್ತಾಳೆ. ಅವಳನ್ನು ನಿಜವಾಗಿ ತಡೆಯುವುದು ಲೋಕೇಶನ ಮೇಲಿನ ಪ್ರೀತಿ. ಅದಕ್ಕೆ ಊರಿನ ಒಪ್ಪಿಗೆ ಮದ್ದಲ್ಲ.

ದುಃಖದ ಬಗ್ಗೆ ಒಂದಿಷ್ಟು ಓದಿಕೊಂಡೆ. ಎಲ್ಲರ ಬಾಯಲ್ಲೂ ಇರುವ, ನಿರಾಕರಣೆಯಿಂದ ಶುರುವಾಗಿ ಒಪ್ಪಿಕೊಳ್ಳುವುದರಲ್ಲಿ ಮುಗಿಯುವ ದುಃಖದ 'ಐದು ಹಂತ' ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ ಅವರ 1969ರ ಪುಸ್ತಕದ್ದು. ಅವರು ಮಾತಾಡಿಸಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು, ಅವರು ಹೋದ ಮೇಲೆ ಉಳಿದವರನ್ನಲ್ಲ. ಆ ಹಂತಗಳನ್ನೇ ಮೆಟ್ಟಿಲು ಮಾಡಿಕೊಂಡು ಅಧ್ಯಾಯ ಕಟ್ಟಿದರೆ, ಕೊನೆಯ ಮೆಟ್ಟಿಲಲ್ಲಿ ಹೊಸ ಗಂಡಸು ಹಾರ ಹಿಡಿದು ನಿಂತಿರುತ್ತಾನೆ, ಅಷ್ಟೆ. ನನಗೆ ಕೆಲಸಕ್ಕೆ ಬಂದದ್ದು ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿಚಾರ. ಕಳೆದುಕೊಂಡವರು ದುಃಖದ ಕಡೆಗೊಮ್ಮೆ, ಬದುಕಿನ ಕೆಲಸಗಳ ಕಡೆಗೊಮ್ಮೆ ತೂಗಾಡುತ್ತಲೇ ಇರುತ್ತಾರೆ, ಹಾಗೆ ತೂಗಾಡುವುದೇ ಆರೋಗ್ಯ ಎನ್ನುತ್ತಾರೆ ಅವರು. ಬೆಳಿಗ್ಗೆ ಬ್ಯಾಂಕಿನಲ್ಲಿ ಗಟ್ಟಿಯಾಗಿ ಜಗಳವಾಡಿ ಬಂದವಳು ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಾ ಕುಸಿಯಬಹುದು. ನನ್ನ ಅಧ್ಯಾಯಗಳನ್ನು ಆ ತೂಗಾಟದಂತೆಯೇ ಜೋಡಿಸಿದೆ. ಪ್ರೀತಿ ಗಟ್ಟಿಯಾದ ಮೇಲೆ ಬರುವ ಅಧ್ಯಾಯದಲ್ಲೂ ಅವಳು ಲೋಕೇಶನಿಗಾಗಿ ಅಳುತ್ತಾಳೆ, ಮೊದಲಿಗಿಂತ ಹೆಚ್ಚಾಗಿ.

ಕಥೆಯನ್ನು ತಿಪಟೂರು ಸೀಮೆಯ ತೆಂಗಿನ ತೋಟದಲ್ಲಿ ಇಟ್ಟದ್ದಕ್ಕೆ ಕಾರಣ ಕೊಬ್ಬರಿ. ಅಲ್ಲಿ ಬಲಿತ ಕಾಯನ್ನು ಮಟ್ಟೆಯ, ಅಂದರೆ ನಾರಿನ ಸಿಪ್ಪೆಯ, ಸಮೇತ ಅಟ್ಟಕ್ಕೆ ಹಾಕುತ್ತಾರೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳಲು 8ರಿಂದ 11 ತಿಂಗಳು ಬೇಕು. ಅವಸರ ಮಾಡಿ ಒಡೆದರೆ ಇಡೀ ಉಂಡೆ ಕೊಬ್ಬರಿ ಸಿಗುವುದಿಲ್ಲ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಲೊಟಲೊಟ ಅಂದರೆ ಆಯಿತು ಎಂದರ್ಥ. ಅದು ಗೊತ್ತಾದ ದಿನ ನನ್ನ ಕಾದಂಬರಿಗೆ ಕಾಲದ ಲೆಕ್ಕ ಸಿಕ್ಕಿತು. ಲೋಕೇಶ ತೀರಿಕೊಂಡದ್ದು ಅಟ್ಟ ತುಂಬಿಸಿದ ವಾರದಲ್ಲೇ. ಅವನ ಕೈಯಾರೆ ಏರಿಸಿದ ಕಾಯಿ ತಲೆಯ ಮೇಲೆ ಒಣಗುತ್ತಿರುವಾಗ ಅವಳು ಕೆಳಗೆ ಅಡುಗೆ ಮಾಡುತ್ತಾಳೆ, ಮಗನ ಹೋಂವರ್ಕ್ ನೋಡುತ್ತಾಳೆ, ಮಲಗುತ್ತಾಳೆ. ವರ್ಷದ ತಿಥಿಯ ಹೊತ್ತಿಗೆ ಕೊಬ್ಬರಿ ಆಗಿರುತ್ತದೆ. ಸುಲಿಯುವವರು ಬಂದು ಮಟ್ಟೆ ಬಿಡಿಸಿ, ಹೆಂಗಸರು ಚಿಪ್ಪು ಒಡೆದು ರಾಶಿ ಹಾಕುತ್ತಾರೆ. ಮಂಡಿಯಲ್ಲಿ ಒಳ್ಳೆಯ ರೇಟು ಇದೆ. ಮಗನ ಶಾಲೆಯ ಫೀಸಿಗೆ ದುಡ್ಡು ಬೇಕು. ಮಾರದೆ ಇಟ್ಟುಕೊಂಡರೆ ಮುಗ್ಗಿ ಹೋಗುತ್ತದೆ. ಈ ಅಧ್ಯಾಯದಲ್ಲಿ 'ದುಃಖ' ಎಂಬ ಪದವನ್ನೇ ನಾನು ಬಳಸಿಲ್ಲ. ಅವಳು ಚೀಲ ಹೊಲಿಸಿ, ತೂಕ ಹಾಕಿಸಿ, ಲಾರಿ ಕಳಿಸುತ್ತಾಳೆ. ಖಾಲಿ ಅಟ್ಟಕ್ಕೆ ಮರುದಿನವೇ ಹೊಸ ಕಾಯಿ ಏರಿಸಬೇಕು, ಆಳುಗಳಿಗೆ ಹೇಳಿಯಾಗಿದೆ.

ಶಾರದೆಗೆ ಮನಸ್ಸಾಗುವ ಮಂಜುನಾಥ ಮೋಟಾರ್ ವೈಂಡಿಂಗ್ ಅಂಗಡಿಯವನು, ವಿಚ್ಛೇದನ ಆದವನು. ಅವನನ್ನು ಸುಂದರಾಂಗನಾಗಿ ಮಾಡಲು ನನಗೆ ಮನಸ್ಸಿರಲಿಲ್ಲ. ಕೆಲಸ ಬಲ್ಲವನು, ಮಾತು ಕಡಿಮೆ, ಅಷ್ಟು ಸಾಕಿತ್ತು. ಅವರ ಊರಿಗೆ ತೋಟದ ಮೋಟಾರ್ ಓಡಿಸುವ ತ್ರೀ ಫೇಸ್ ಕರೆಂಟು ಕೊಡುವುದು ರಾತ್ರಿ ಹೊತ್ತು. ಲೋಕೇಶ ಇದ್ದಾಗ ಅವನೇ ಟಾರ್ಚು ಹಿಡಿದು ತೋಟಕ್ಕೆ ಹೋಗಿ ಮೋಟಾರ್ ಹಾಕಿ ಬರುತ್ತಿದ್ದ, ಈಗ ಶಾರದೆ ಹೋಗುತ್ತಾಳೆ. ಸುಟ್ಟ ಮೋಟಾರ್ ಸರಿಮಾಡಲು ಬಂದ ಮಂಜು ಇದನ್ನು ನೋಡಿ, ಕೇಳದೆಯೇ, ಕರೆಂಟು ಬಂದ ಕೂಡಲೇ ಮೋಟಾರನ್ನು ತಾನೇ ಶುರುಮಾಡುವ ಒಂದು ಆಟೋ ಸ್ಟಾರ್ಟರ್ ಕೂರಿಸುತ್ತಾನೆ. ಇನ್ನು ಕತ್ತಲಲ್ಲಿ ಹೋಗುವ ಕೆಲಸವಿಲ್ಲ. ಅವಳಿಗೆ ಸಿಟ್ಟು ಬರುತ್ತದೆ. ಆ ರಾತ್ರಿಯ ನಡಿಗೆ ಲೋಕೇಶನದ್ದಾಗಿತ್ತು, ಈಗ ತನ್ನದು, ಅದನ್ನು ತಪ್ಪಿಸಲು ಇವನ್ಯಾರು? ಮಂಜು ಜಗಳವಾಡುವುದಿಲ್ಲ. ಸ್ವಿಚ್ಚನ್ನು ಹಳೆಯ ಕಡೆಗೆ ತಿರುಗಿಸಿ, 'ಬೇಕಾದಾಗ ಈ ಕಡೆ ಹಾಕ್ಕಳಿ, ಬ್ಯಾಡ ಅಂದ್ರೆ ಹಿಂಗೇ ಇರ್ಲಿ' ಎಂದು ಹೊರಡುತ್ತಾನೆ. ಅವಳಿಗೆ ಅವನ ಮೇಲೆ ಮನಸ್ಸು ಹರಿಯುವುದು ಇಲ್ಲಿ, ಆ ಸ್ವಿಚ್ಚಿನ ಮೇಲಿಂದ ಅವನು ಕೈ ತೆಗೆದದ್ದಕ್ಕೆ. ಮಳೆ, ಕೊಡೆ, ಕೈ ತಗಲುವುದು ಯಾವುದೂ ಬೇಕಾಗಲಿಲ್ಲ.

ಇನ್ನೊಂದು ದೃಶ್ಯದ ಬಗ್ಗೆ ಹೇಳಲೇಬೇಕು. ವರ್ಷ ತುಂಬಿದ ಮೇಲಿನ ಮೊದಲ ಮಹಾಲಯ. ಹಿರಿಯರ ಎಡೆಗೆ ಹೊಸ ಬಟ್ಟೆ ಇಡಬೇಕು. ಶಾರದೆ ಪೇಟೆಗೆ ಹೋಗಿ ಶರ್ಟು ಕೇಳುತ್ತಾಳೆ.

'ಯಾರಿಗಮ್ಮಾ, ಯಜಮಾನ್ರಿಗಾ?'

'ಹೂಂ. ನಲವತ್ತರ ಸೈಜು ಕೊಡಿ.'

'ಕರ್ಕೊಂಡು ಬಂದಿದ್ರೆ ಹಾಕಿ ನೋಡ್ಬೋದಿತ್ತು.'

'ಸರಿಹೋಗುತ್ತೆ ಬಿಡಿ. ಅವ್ರ ಅಳತೆ ನಂಗೊತ್ತು.'

ಎಡೆ ಮುಗಿದ ಮೇಲೆ ಆ ಬಟ್ಟೆಯನ್ನು ಮನೆಯ ಗಂಡಸರು ಹಾಕಿಕೊಳ್ಳುವುದು ವಾಡಿಕೆ. ಮಗನಿಗೆ ಹನ್ನೆರಡು ವರ್ಷ, ಅವನಿಗೆ ಅದು ನಿಲುವಂಗಿ. ಹಸ್ತಪ್ರತಿ ಓದಿದ ಗೆಳತಿಯರಲ್ಲಿ ಹೆಚ್ಚಿನವರು ಕೊನೆಗೆ ಆ ಶರ್ಟನ್ನು ಮಂಜುನಾಥ ತೊಡುತ್ತಾನೆ ಎಂದೇ ಕಾದಿದ್ದರು, ಹಾಗೆ ಮಾಡು ಎಂದೂ ಹೇಳಿದರು. ನಾನು ಒಪ್ಪಲಿಲ್ಲ. ಲೋಕೇಶನ ಅಳತೆಗೆ ತಂದ ಬಟ್ಟೆಯೊಳಗೆ ಮಂಜುವನ್ನು ತೂರಿಸಿದರೆ ಇಬ್ಬರಿಗೂ ಅನ್ಯಾಯ. ಅವನು ಲೋಕೇಶನ ಜಾಗಕ್ಕೆ ಬಂದವನಲ್ಲ. ಶರ್ಟು ಬೀರುವಿನಲ್ಲೇ ಇರುತ್ತದೆ. ಕೊನೆಗೆ ಅತ್ತೆಯೇ ತೆಗೆದು ಕಾಯಿ ಕೀಳಲು ಬಂದವನಿಗೆ ಕೊಡುತ್ತಾಳೆ: 'ಹೊಸ ಬಟ್ಟೆ ಬೀರುನಾಗೆ ಕೊಳೀಬಾರ್ದು ಕಣವ್ವ. ಯಾರಾನ ಹಾಕ್ಕಳ್ಳಿ.' ಮಗನನ್ನು ಕಳೆದುಕೊಂಡ ತಾಯಿಗೆ ಮಾತ್ರ ಆ ಮಾತಾಡುವ ಹಕ್ಕಿತ್ತು. ಪ್ರೇಮಕಾದಂಬರಿಗಳಲ್ಲಿ ಅತ್ತೆಗೂ ದುಃಖವಿದೆ ಎನ್ನುವುದನ್ನು ನಾವು ಎಷ್ಟು ಸುಲಭವಾಗಿ ಮರೆಯುತ್ತೇವೆ! ಮಗ ಸತ್ತ ಮನೆಯಲ್ಲಿ ಸೊಸೆಗೊಂದು ಎರಡನೇ ಬದುಕು ಸಿಗಬಹುದು, ಅತ್ತೆಗೆ ಹೋದ ಮಗ ಮತ್ತೆ ಸಿಗುವುದಿಲ್ಲ.

ಕಾಗದಪತ್ರದ ವಿಷಯವನ್ನು ಚೆನ್ನಾಗಿ ತಿಳಿದುಕೊಂಡೇ ಬರೆದೆ, ಏಕೆಂದರೆ ಹಳ್ಳಿಯಲ್ಲಿ ಪ್ರೀತಿಗೆ ಮೊದಲು ಎದುರಾಗುವುದು ತೋಟದ ಪ್ರಶ್ನೆ. ಮೈದುನ ಒಂದು ಕಡೆ ಹೇಳುತ್ತಾನೆ: 'ಅತ್ತಿಗೆ, ಇನ್ನೊಂದು ಮನೆ ಸೇರಿದ್ರೆ ತೋಟದ ಆಸೆ ಬಿಟ್ಬಿಡಿ.' ಈ ನಂಬಿಕೆಗೆ ಹಳೆಯ ಬೇರು ಇದೆ. ವಿಧವಾ ವಿವಾಹಕ್ಕೆ ಮಾನ್ಯತೆ ಕೊಟ್ಟ 1856ರ ಕಾನೂನೇ, ಮರುಮದುವೆಯಾದವಳಿಗೆ ಮೊದಲ ಗಂಡನ ಆಸ್ತಿಯ ಹಕ್ಕು ತಪ್ಪುತ್ತದೆ ಎಂದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಗಂಡನಿಂದ ಬಂದ ಪಾಲು ಅವಳದೇ, ಆಮೇಲೆ ಮದುವೆಯಾದ ಮಾತ್ರಕ್ಕೆ ಕೈತಪ್ಪುವುದಿಲ್ಲ. ಹಳೆಯ ಕಾನೂನನ್ನು 1983ರಲ್ಲಿ ರದ್ದೂ ಮಾಡಿದರು. ಆದರೂ ಜಗಲಿಯ ಮೇಲೆ ಆ ಮಾತು ಈಗಲೂ ಓಡಾಡುತ್ತದೆ, ಹೆಂಗಸರು ಹೆದರುತ್ತಾರೆ. ಅದೇ 1956ರ ಕಾಯ್ದೆಯಲ್ಲಿ ಸತ್ತವನ ತಾಯಿಗೂ ಹೆಂಡತಿ, ಮಕ್ಕಳಷ್ಟೇ ಸಮನಾದ ಪಾಲಿದೆ. ಸತ್ತವನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅರ್ಜಿ ಹಾಕುವಾಗ ಅತ್ತೆ ಸೊಸೆ ನಾಡಕಚೇರಿಯ ಒಂದೇ ಬೆಂಚಿನ ಮೇಲೆ ಕೂತು ಟೋಕನ್ನಿಗೆ ಕಾಯುತ್ತಾರೆ. ಅವರಿಬ್ಬರ ನಡುವಿನ ಅತ್ಯಂತ ಮುಖ್ಯವಾದ ಮಾತುಕತೆಯನ್ನು ನಾನು ಇಟ್ಟದ್ದು ಆ ಬೆಂಚಿನ ಮೇಲೆ. ಮಂಜುವಿನ ವಿಷಯ ಅತ್ತೆಗೆ ಮೊದಲೇ ಗೊತ್ತಿರುತ್ತದೆ.

ಕೊನೆ ಹೇಗಿರಬೇಕು ಎನ್ನುವುದರ ಬಗ್ಗೆ ಗೆಳತಿಯರೊಂದಿಗೆ ದೊಡ್ಡ ಚರ್ಚೆಯೇ ನಡೆಯಿತು. ಜಾತಿ ಬೇರೆ, ಇಬ್ಬರಿಗೂ ಛತ್ರದ ಮದುವೆ ಬೇಡ, ಹಾಗಾಗಿ 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ. ಆ ಕಾಯ್ದೆಯಲ್ಲಿ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ. ನಮೂನೆಯಲ್ಲಿ ಹೆಸರು, ವಯಸ್ಸಿನ ಜೊತೆಗೆ ಅವಿವಾಹಿತರೋ, ಸಂಗಾತಿಯನ್ನು ಕಳೆದುಕೊಂಡವರೋ, ವಿಚ್ಛೇದಿತರೋ ಎಂದು ತುಂಬಬೇಕು. ಶಾರದೆ ತನ್ನ ಕಾಲಂ ತುಂಬುತ್ತಾಳೆ, ಮಂಜು ತನ್ನದನ್ನು. ಇಬ್ಬರೂ ಸಹಿ ಹಾಕುತ್ತಾರೆ. ನನ್ನ ಕಾದಂಬರಿ ಆ 30 ದಿನಗಳ ಒಳಗೆ, ಮದುವೆಗೆ ಮುಂಚೆಯೇ ಮುಗಿಯುತ್ತದೆ. ತಾಳಿ, ಹಾರ, ಊಟ ಇರುವ ಅಧ್ಯಾಯ ಬೇಕಿತ್ತು ಎಂದು ಹಲವರು ಬೇಸರ ಮಾಡಿಕೊಂಡರು. ಪ್ರೇಮಕಾದಂಬರಿಗೆ ಸುಖಾಂತ್ಯ ಇರಲೇಬೇಕು ಎನ್ನುವುದನ್ನು ನಾನೂ ಒಪ್ಪುತ್ತೇನೆ, ಅದು ಓದುಗರಿಗೆ ಕೊಟ್ಟ ಮಾತು. ಶಾರದೆಯ ಮಟ್ಟಿಗೆ ಆ ಮಾತು ಸಹಿಯಲ್ಲೇ ಪೂರೈಸಿದೆ. ಎಲ್ಲರೂ ಓದುವ ಗೋಡೆಯ ಮೇಲೆ ತನ್ನ ಹೆಸರು ಮಂಜುವಿನ ಹೆಸರಿನ ಜೊತೆಗಿರಲಿ ಎಂದು ಅವಳೇ ಬರೆದುಕೊಟ್ಟಾಗಿದೆ. ಯಾರಾದರೂ ಆಕ್ಷೇಪಣೆ ಕೊಡುವುದಿದ್ದರೆ ಕೊಡಲಿ, ಅವಳು ದಿನಾ ಅದೇ ರಸ್ತೆಯಲ್ಲೇ ಮಂಡಿಗೆ ಹೋಗಿ ಬರುತ್ತಾಳೆ.